ಕೈ ತಟ್ಟುವ ಹೊತ್ತಲ್ಲ

ಆಸ್ಪತ್ರೆಯ ಮೆಟ್ಟಿಲಿಳಿದು ಬಿಸಿಲಿಗೆ ಕಾಲಿಟ್ಟ ಮೇಲೆಯೇ ಅಮಾನ್ಸಿಯೊಗೆ ಹೊತ್ತಿನ ಪರಿವೆ ಬಂದದ್ದು. ಬೀದಿಯಲ್ಲಿ ನರಪಿಳ್ಳೆಯಿರಲಿಲ್ಲ. ಎದುರಿನ ಔಷಧಿ ಅಂಗಡಿಯ ಶಟರು ನೆಲ ಮುಟ್ಟಿತ್ತು. ಅದರ ಮುಂದೆ ನೆರಳಿದ್ದಷ್ಟೇ ಜಾಗಕ್ಕೆ ಮೈ ಮಡಚಿಕೊಂಡು ಒಂದು ನಾಯಿ ಮಲಗಿತ್ತು. ಊರು ಉಂಡು ಮಲಗಿಬಿಟ್ಟಿತ್ತು. ಇನ್ನು ಐದು ಹೊಡೆಯುವವರೆಗೆ ಇಲ್ಲಿ ಯಾರೂ ಏನನ್ನೂ ಮಾರುವುದಿಲ್ಲ, ಯಾರೂ ಯಾರ ಮನೆಗೂ ಹೋಗುವುದಿಲ್ಲ. ಇಂಥ ಹೊತ್ತು ನೋಡಿ ಅಣ್ಣನ ಮನೆಗೆ ಹೊರಟಿದ್ದೇನಲ್ಲ ಎಂದುಕೊಂಡ. ಬೆಳಿಗ್ಗೆಯೇ ಹೊರಡಬಹುದಿತ್ತು. ಬೆಳಿಗ್ಗೆ ಅಮ್ಮ ಕಣ್ಣು ಬಿಟ್ಟು, "ರುಪೆರ್ತೊ ಬಂದ್ನಾ?" ಎಂದು ಕೇಳಿದಾಗ, "ಬರ್ತಾನಮ್ಮ, ಹೇಳಿ ಕಳ್ಸಿದೀನಿ" ಎಂದಿದ್ದ. ಯಾರ ಕೈಲೂ ಹೇಳಿ ಕಳಿಸಿರಲಿಲ್ಲ. ಡಾಕ್ಟರು ಬಂದು ಹೋಗಲಿ ಎಂದು ಕಾದ. ಅವರು ಹೋದ ಮೇಲೆ, ಗಂಜಿ ಕುಡಿಸುವುದಾಗಲಿ ಎಂದು ಕಾದ. ಅಮ್ಮ ಗಂಜಿ ಕುಡಿಯಲಿಲ್ಲ. ಕೊನೆಗೆ ನರ್ಸ್ ಹಸಿಂತಾಳೇ ಅವನನ್ನು ಮೂಲೆಗೆ ಕರೆದು, "ನಿಮ್ಮಣ್ಣ ಇರೋದು ಈ ಊರಲ್ಲೇ ತಾನೆ? ಹೋಗಿ ಕರ್ಕೊಂಡು ಬಂದ್ಬಿಡಿ. ಸಂಜೆ ತನಕ ಇರ್ತಾರೆ ಅಂತ ನಾನು ಹೇಳಲಾರೆ" ಎಂದಳು. ಆ ಮಾತಿಗೆ ಅವನಿಗೆ ದುಃಖಕ್ಕಿಂತ ಮೊದಲು ಆಯಾಸವಾಯಿತು. ಮೂರು ರಾತ್ರಿಯಿಂದ ಕುರ್ಚಿಯ ಮೇಲೆ ಕೂತೇ ತೂಕಡಿಸಿದ ಮೈ ಅದು. ಎಲ್ಲಾದರೂ ಒರಗಿಕೊಂಡರೆ ಸಾಕು ಅನಿಸಿತು, ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಈ ಹೊತ್ತಿನಲ್ಲಿ ಬಸ್ಸನ್ನು ನಂಬುವಂತಿರಲಿಲ್ಲ. ಚಾಲಕನೂ ಮನುಷ್ಯ ತಾನೆ. ಚೌಕದ ಕಿತ್ತಳೆ ಮರಗಳ ಕೆಳಗೆ ಹಾದು, ಕೆಥೆಡ್ರಲ್ಲಿನ ಮುಚ್ಚಿದ ಬಾಗಿಲು ದಾಟಿ, ಗೋಡೆ ಬದಿಯ ಒಂದು ಗೇಣು ನೆರಳಿನಲ್ಲಿ ಭುಜ ಉಜ್ಜಿಕೊಂಡು ನಡೆದ. ದೇವರೂ ಒಳಗೆ ಮಲಗಿರಬೇಕು ಎಂದು ಈ ಊರಿನವರು ತಮಾಷೆ ಮಾಡುವುದುಂಟು. ರಾಜಧಾನಿಯವರಂತೂ ಸಾಂತಿಯಾಗೊ ದೆಲ್ ಎಸ್ತೆರೊ ಎಂಬ ಈ ಊರಿನ ಹೆಸರು ಕೇಳಿದರೇ ಆಕಳಿಸುತ್ತಾರೆ. ದೇಶದಲ್ಲೇ ಹಳೆಯದು, ಊರುಗಳಿಗೆಲ್ಲ ತಾಯಿ ಎಂದು ನಮ್ಮವರು ಬೋರ್ಡು ಬರೆಸಿಕೊಂಡಿದ್ದಾರೆ. ಮಕ್ಕಳೆಲ್ಲ ಬೆಳೆದು ದೊಡ್ಡ ಊರುಗಳಾದವು, ಹಡೆದವಳು ಮಾತ್ರ ಬಾಣಂತಿಯ ಹಾಗೆ ಇನ್ನೂ ಮಲಗೇ ಇದ್ದಾಳೆ ಎಂದು ಅವರ ಹಾಸ್ಯ. ಅಮಾನ್ಸಿಯೊ ನಗರಸಭೆಯಲ್ಲಿ ನಕ್ಷೆ ಬಿಡಿಸುವವನು. ಇಪ್ಪತ್ತು ವರ್ಷದಿಂದ ಈ ಊರನ್ನು ಹದ್ದಿನ ಕಣ್ಣಿಂದ ನೋಡುತ್ತಾ ಬಂದವನು: ನಡುವೆ ಚೌಕ, ಚೌಕದಿಂದ ಹೊರಟ ನೇರ ಬೀದಿಗಳು, ಬೀದಿಗಳ ನಡುವೆ ಪೆಟ್ಟಿಗೆಗಳಂಥ ಮನೆಗುಂಪುಗಳು, ಪೂರ್ವಕ್ಕೆ ನೀಲಗಿರಿ ತೋಪು, ಅದರಾಚೆ ಎರಡು ವರ್ಷಕ್ಕೊಮ್ಮೆ ದಡ ಬದಲಿಸಿ ಅವನ ಕೆಲಸ ಹೆಚ್ಚಿಸುವ ದುಲ್ಸೆ ನದಿ, ಸೇತುವೆ, ಸೇತುವೆಯಾಚೆ ಇನ್ನೊಬ್ಬರ ಊರು. ಮೇಲಿಂದ ನೋಡಿದರೆ ಎಲ್ಲ ಮನೆಯೂ ಒಂದೇ, ಯಾವುದರ ಬಾಗಿಲು ಹಾಕಿದೆ, ಯಾವುದರದು ತೆಗೆದಿದೆ ಎಂದು ತೋರಿಸುವ ಗುರುತು ನಕ್ಷೆಯಲ್ಲಿಲ್ಲ. ನದಿ ಬದಿಯ ಹೊಸ ಬಡಾವಣೆ ಬಂದಾಗ ರುಪೆರ್ತೊನ ಮನೆಯ ಚೌಕವನ್ನೂ ಅವನೇ ಬಿಡಿಸಿದ್ದ. ಪೆನ್ಸಿಲ್ಲು ಅಲ್ಲಿ ಸ್ವಲ್ಪ ಹೊತ್ತು ನಿಂತಿತ್ತು. ಪಕ್ಕದ ಮೇಜಿನವನು, "ಏನ್ರೀ, ಅಲ್ಲೇನು ನಿಧಿ ಹೂತಿದೀರಾ?" ಎಂದಾಗ ನಕ್ಕು ಮುಂದಿನ ಗೆರೆಗೆ ಹೋಗಿದ್ದ.

ಕಿಟಕಿಗಳ ಮರದ ಪಟ್ಟಿಗಳ ಹಿಂದೆ ಫ್ಯಾನು ತಿರುಗುವ ಸದ್ದು, ಯಾರದೋ ಗೊರಕೆ, ಎಲ್ಲೋ ಸಣ್ಣಗೆ ಬಿಟ್ಟ ರೇಡಿಯೊ. ಜೀರುಂಡೆಗಳು ಮಾತ್ರ ಎಚ್ಚರವಾಗಿದ್ದವು. ಅವು ಕೂಗಿ ಕೂಗಿಯೇ ಅಲ್ಗರ್ರೊಬೊ ಮರದ ಕಾಯಿ ಹಣ್ಣಾಗುವುದು ಎಂದು ಅಮ್ಮ ಹೇಳುತ್ತಿದ್ದಳು. ಬಾಯಿ ಮುಚ್ಚಿಸಿದರೆ ಆ ವರ್ಷ ಹಣ್ಣಿಲ್ಲ. ಮಕ್ಕಳ ಬಾಯಿ ಮುಚ್ಚಿಸಲು ಅವಳ ಬಳಿ ಬೇರೆ ಕಥೆಯಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಹೊರಗೆ ಹೋದರೆ ದೊಡ್ಡ ಟೋಪಿಯ ಕುಳ್ಳ ಭೂತ ಸಿಗುತ್ತದೆ. ಅದಕ್ಕೆ ಒಂದು ಕೈ ಕಬ್ಬಿಣದ್ದು, ಒಂದು ಕೈ ಉಣ್ಣೆಯದು. ಯಾವ ಕೈಯಲ್ಲಿ ಹೊಡೆಯಲಿ ಎಂದು ಅದೇ ಕೇಳುತ್ತದೆ. "ಉಣ್ಣೆ ಕೈಲಿ ಅಂತೀನಿ" ಎಂದು ಅಮಾನ್ಸಿಯೊ ಪ್ರತಿಸಲ ಹೇಳುತ್ತಿದ್ದ. "ದಡ್ಡಾ, ಉಣ್ಣೆದೇ ಜಾಸ್ತಿ ನೋಯೋದು" ಎನ್ನುತ್ತಿದ್ದಳು ಅಮ್ಮ, ಏಕೆಂದು ಹೇಳುತ್ತಿರಲಿಲ್ಲ. ರುಪೆರ್ತೊ ಮಾತ್ರ ಒಂದು ದಿನ ಹೊರಗೆ ಹೋಗಿಯೇ ಬಂದ. ಮುಖ ಕೆಂಪಾಗಿತ್ತು, ಜೇಬಿನ ತುಂಬ ಹಣ್ಣಿತ್ತು. "ಸಿಕ್ತೇನೋ ಭೂತ?" ಎಂದರೆ, "ಅದೂ ಮಲಗಿತ್ತು ಕಣೋ" ಎಂದ. ಇಬ್ಬರೂ ಹಾಸಿಗೆಯಲ್ಲಿ ಮುಖ ಹುದುಗಿಸಿಕೊಂಡು ನಕ್ಕಿದ್ದರು, ಅಮ್ಮನಿಗೆ ಕೇಳದ ಹಾಗೆ.

ಹಾಸಿಗೆಯಲ್ಲಿ ಮುಖ ಹುದುಗಿಸಿಕೊಳ್ಳುವುದು ಆಗಲೇ ರೂಢಿಯಾಗಿರಬೇಕು. ಎಷ್ಟೋ ವರ್ಷಗಳ ಮೇಲೆ, ಅಮ್ಮನನ್ನು ತನ್ನ ಮನೆಗೆ ಕರೆತಂದ ವರ್ಷದ ಬೇಸಿಗೆಯ ಒಂದು ಮಧ್ಯಾಹ್ನ. ಹೆಂಡತಿ ಎಲ್ಬಾ ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ, ಕೋಣೆಯನ್ನು ಬಾವಿಯ ಹಾಗೆ ತಣ್ಣಗೆ ಮಾಡಿದ್ದಳು. ಹೊರಗೆ ಗೇಟಿನ ಬಳಿ ಯಾರೋ ಕೈ ತಟ್ಟಿದರು. ಈ ಊರಿನಲ್ಲಿ ಬಂದವರು ಗೇಟಿನಾಚೆಯೇ ನಿಂತು ಎರಡು ಕೈ ತಟ್ಟಿ ಕರೆಯಬೇಕು. ಗೇಟು ದಾಟಿ ಬಾಗಿಲು ಬಡಿಯುವವನು ಒಂದೋ ಪೊಲೀಸು, ಒಂದೋ ಕುಡುಕ. ಆದರೆ ಊಟವಾದ ಮೇಲಿನ ಹೊತ್ತಿನಲ್ಲಿ ಕೈ ತಟ್ಟುವವನು ಅವರಿಬ್ಬರಿಗಿಂತ ಕಡೆ. "ಯಾರದು ಮಾನಗೆಟ್ಟೋರು" ಎಂದು ಎಲ್ಬಾ ನಿದ್ದೆಗಣ್ಣಲ್ಲಿ ಗೊಣಗಿ ಮಗ್ಗುಲಾದಳು. ಅಮಾನ್ಸಿಯೊಗೆ ಯಾರೆಂದು ಗೊತ್ತಾಗಿತ್ತು. ಹಿಟ್ಟು ನಾದಿ ನಾದಿ ಹಲಗೆಯಂತಾದ ಕೈಗಳ ಸದ್ದು ಬೇರೆ ಯಾರದೂ ಅಲ್ಲ. ರಾತ್ರಿಯೆಲ್ಲ ಬೇಕರಿಯಲ್ಲಿ ದುಡಿದು, ಬೆಳಿಗ್ಗೆ ಮನೆಮನೆಗೆ ರೊಟ್ಟಿ ಹಾಕಿ, ಇದೊಂದೇ ಹೊತ್ತಿನಲ್ಲಿ ಬಿಡುವು ಸಿಗುವ ಅಣ್ಣ ಅಮ್ಮನನ್ನು ನೋಡಲು ಬಂದಿದ್ದ. ಏಳಬೇಕು ಎಂದುಕೊಂಡ. ಎದ್ದರೆ ಎಲ್ಬಾ ಏಳುತ್ತಾಳೆ, ಎದ್ದರೆ ಮುಖ ಸಿಂಡರಿಸುತ್ತಾಳೆ, ಹಿಟ್ಟು ಮೆತ್ತಿದ ಚಪ್ಪಲಿಯಲ್ಲಿ ಅವನು ಒರೆಸಿದ ನೆಲದ ಮೇಲೆ ಬರುತ್ತಾನೆ, ಸಂಜೆಯಿಡೀ ಅದರದ್ದೇ ಮಾತು. ಮತ್ತೆ ಕೈ ತಟ್ಟಿದ ಸದ್ದು. ಆಗಲೇ ಗಂಟಲಿಗೆ ಏನೋ ಸಿಕ್ಕಿಕೊಂಡು ಕೆಮ್ಮು ಬಂತು. ದಿಂಬಿಗೆ ಬಾಯಿ ಒತ್ತಿ ತಡೆದ, ಅರ್ಧ ಹೊರಬಂತು. ಪಕ್ಕದ ಕೋಣೆಯಲ್ಲಿ ಅಮ್ಮನ ಮಂಚ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಮೂರನೆಯ ಸಲ ತಟ್ಟಿದ್ದು ಬಹಳ ಮೆಲ್ಲಗೆ, ಕೇಳಿಸಿದರೆ ಕೇಳಿಸಲಿ ಎನ್ನುವ ಹಾಗೆ. ಸಂಜೆ ಗೇಟು ತೆಗೆದರೆ ಬಟ್ಟೆಯಲ್ಲಿ ಸುತ್ತಿದ ಚಿಪಾಕೊ ರೊಟ್ಟಿ ಗೇಟಿನ ಕಂಬದ ಮೇಲಿತ್ತು. ಅಮ್ಮನಿಗೆ ಇಷ್ಟವೆಂದು ಹುರಿದ ಕೊಬ್ಬಿನ ಚೂರು ತುಸು ಹೆಚ್ಚೇ ಹಾಕಿದ್ದ. ಅದರ ತುಂಬ ಇರುವೆ.

ಆಮೇಲೆ ರುಪೆರ್ತೊ ಆ ಕಡೆ ತಲೆ ಹಾಕಲಿಲ್ಲ. ಜಗಳವೇನಿಲ್ಲ. ಜಗಳವಾಗಿದ್ದರೆ ರಾಜಿಯೂ ಆಗುತ್ತಿತ್ತು. ಅಮ್ಮನೇ ಆಗಾಗ ಬಸ್ಸು ಹಿಡಿದು ಬೇಕರಿಗೆ ಹೋಗಿ ಮಗನನ್ನು ನೋಡಿ ಬರುತ್ತಿದ್ದಳು, ಮೊಣಕಾಲು ಹೋದ ಮೇಲೆ ಅದೂ ನಿಂತಿತು. ಆ ಮಧ್ಯಾಹ್ನದ ವಿಷಯ ಮನೆಯಲ್ಲಿ ಒಮ್ಮೆಯೂ ಬರಲಿಲ್ಲ. ಅಮ್ಮನಿಗೆ ಕೇಳಿಸಿತ್ತೋ ಇಲ್ಲವೋ ಎಂದು ಇಷ್ಟು ವರ್ಷ ಅವನು ಕೇಳಲಿಲ್ಲ. ಕೇಳಿಸಿಲ್ಲ ಎಂದಿಟ್ಟುಕೊಂಡರೆ ಊಟ ಸೇರುತ್ತಿತ್ತು.

ನೀಲಗಿರಿ ತೋಪು ದಾಟಿ ಬಡಾವಣೆಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಕಾಗದದ ಮೇಲೆ ಎಷ್ಟು ನೇರವಾಗಿದ್ದ ಬೀದಿ ಇಲ್ಲಿ ಧೂಳು, ಕಲ್ಲು, ಒಣಗಿದ ಚರಂಡಿ. ಹಸಿರು ಗೇಟಿನ ಮನೆ. ಗೇಟಿನ ಪಕ್ಕ ರೊಟ್ಟಿ ಪೆಟ್ಟಿಗೆ ಕಟ್ಟಿದ ಮೋಟಾರ್ ಬೈಕು, ಕಿಟಕಿಯ ಪಟ್ಟಿಗಳು ಮುಚ್ಚಿದ್ದವು. ಅಮಾನ್ಸಿಯೊ ಗೇಟಿನ ಮುಂದೆ ನಿಂತು ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿದ. ಅಂಗೈ ಬೆವೆತಿತ್ತು.

"ಶ್... ತಮ್ಮಾ."

ಎದುರು ಮನೆಯ ಮರದಡಿ ಬನಿಯನ್ನು ತೊಟ್ಟ ಮುದುಕನೊಬ್ಬ ಗೋಡೆಗೆ ಕುರ್ಚಿ ಒರಗಿಸಿಕೊಂಡು ಕೂತಿದ್ದ. ಕಾಲ ಬಳಿ ಸೋಡಾ ಬುಡ್ಡಿ, ಕೈಯಲ್ಲಿ ಐಸು ಹಾಕಿದ ವೈನಿನ ಲೋಟ. ಕೈ ಸನ್ನೆ ಮಾಡಿ ಕರೆದ.

"ಈ ಊರೋನಲ್ವಾ ನೀನು?"

"ಈ ಊರೇ."

"ಮತ್ತೆ? ಈ ಬಿಸಿಲಲ್ಲಿ ತಿರುಗೋದು ಹಲ್ಲಿ, ನಾಯಿ, ಇನ್ನು ರಾಜಧಾನಿಯೋರು. ನಿನ್ನ ನೋಡಿದ್ರೆ ನಾಯಿಗೂ ಅಯ್ಯೋ ಅನ್ಸುತ್ತೆ. ಕೂತ್ಕೊ ಬಾ. ರುಪೆರ್ತೊ ಹತ್ರ ಏನು ಕೆಲಸ?"

"ಒಂದು ಮಾತಿತ್ತು."

"ಮಾತು ಐದಕ್ಕೂ ಇರುತ್ತೆ, ಓಡಿ ಹೋಗಲ್ಲ. ರಾತ್ರಿಯೆಲ್ಲಾ ಒಲೆ ಮುಂದೆ ಬೆಂದು ಬಂದಿರೋ ಮನುಷ್ಯ ಅವನು. ಹೆಂಡ್ತಿ ಬೇರೆ ತಂಗಿ ಮನೆಗೆ ಹೋಗಿದಾಳೆ, ಒಬ್ಬನೇ ನೆಮ್ಮದಿಯಾಗಿ ಮಲಗಿದಾನೆ." ಮುದುಕ ಲೋಟ ಅಲ್ಲಾಡಿಸಿ ಐಸಿನ ಸದ್ದು ಕೇಳಿಸಿಕೊಂಡ. "ಇಲ್ಲ, ಯಾರಾದ್ರೂ ಸಾಯ್ತಾ ಇದಾರೆ ಅಂದ್ರೆ ಹೇಳು, ನಾನೇ ಹೋಗಿ ಎಬ್ಬಿಸ್ತೀನಿ. ಯಾರಾದ್ರೂ ಸಾಯ್ತಿದಾರಾ?"

ಪ್ರಶ್ನೆ ಬಹಳ ಸುಲಭವಾಗಿತ್ತು. ಹೌದು ಎಂದರೆ ಮುಗಿಯುತ್ತಿತ್ತು. ಆದರೆ ಹೌದು ಎಂದ ಕೂಡಲೇ ಈ ಮುದುಕ ಎದ್ದು ನಿಲ್ಲುತ್ತಾನೆ, ಯಾರು ಎನ್ನುತ್ತಾನೆ, ನಿನ್ನಮ್ಮನೇ ಅವನಮ್ಮನೂ ಏನು, ಹಾಗಾದರೆ ಅವನ ತಮ್ಮ ನೀನೇನಾ, ಇಷ್ಟು ದಿನ ಎಲ್ಲಿದ್ದೆ, ಎಷ್ಟು ದಿನದಿಂದ ಆಸ್ಪತ್ರೆಯಲ್ಲಿದ್ದಾಳೆ, ಈಗ ಬಂದು ಹೇಳುತ್ತೀಯಾ. ಈ ಬೀದಿಯ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತವೆ. ಅವನಿಗೇ ಆಶ್ಚರ್ಯವಾಗುವಷ್ಟು ಸರಾಗವಾಗಿ, "ಇಲ್ಲಪ್ಪ, ಹಾಗೇನಿಲ್ಲ" ಎಂದ.

"ಹಾಗಾದ್ರೆ ಕೂತ್ಕೊ" ಎಂದ ಮುದುಕ, ಸಮಾಧಾನದಿಂದ.

ಅಮಾನ್ಸಿಯೊ ಅಣ್ಣನ ಗೇಟಿನ ಪಕ್ಕದ ಗೋಡೆಗೊರಗಿ ಕುಕ್ಕುರುಗಾಲಲ್ಲಿ ಕೂತ. ಮುದುಕ ಸ್ವಲ್ಪ ಹೊತ್ತಿನಲ್ಲೇ ಕುರ್ಚಿ ಎತ್ತಿಕೊಂಡು ಒಳಗೆ ಹೋದ. ಈಗ ತಡೆಯುವವರೂ ಇರಲಿಲ್ಲ. ಎದ್ದು ಎರಡು ಕೈ ತಟ್ಟಬೇಕು, ಅಷ್ಟೇ. ಏಳುತ್ತೇನೆ, ಆ ನೆರಳು ಆ ಕಲ್ಲು ಮುಟ್ಟಲಿ ಎಂದುಕೊಂಡ. ನೆರಳು ಕಲ್ಲು ಮುಟ್ಟಿ ದಾಟಿತು. ಅಂದು ತಾನು ತೆಗೆಯದ ಬಾಗಿಲು ಇಂದು ಅಣ್ಣನೇಕೆ ತೆಗೆಯಬೇಕು? ತಟ್ಟಿದ ಮೇಲೂ ಒಳಗೆ ಸದ್ದಾಗದಿದ್ದರೆ? ಮಂಚ ಕಿರುಗುಟ್ಟಿ ಸುಮ್ಮನಾದರೆ? ಅದನ್ನು ಕೇಳಿಸಿಕೊಳ್ಳುವುದಕ್ಕಿಂತ ತಟ್ಟದಿರುವುದೇ ಮೇಲು ಅನಿಸಿತು. ಮರುಕ್ಷಣವೇ, ಅಲ್ಲಿ ಅಮ್ಮನ ಎದೆ ಏರಿಳಿಯುವುದು ಕಣ್ಣಿಗೆ ಬಂದು ತನ್ನ ಮೇಲೆಯೇ ಹೇಸಿಗೆಯಾಯಿತು. ಈ ಎರಡರ ನಡುವೆ ಸೋಮಾರಿ ನೊಣವೊಂದು ಬಂದು ಕೈ ಮೇಲೆ ಕೂತಿತು. ಓಡಿಸಲಿಲ್ಲ. ಮಲಗಿದವರನ್ನು ಎಬ್ಬಿಸಬಾರದು ಎಂದು ಕಲಿಸಿದವಳೂ ಅಮ್ಮನೇ. ಊರಿಗೆ ಊರೇ ಪಾಲಿಸುವ ಮರ್ಯಾದೆಯನ್ನು ತಾನೂ ಪಾಲಿಸುತ್ತಿದ್ದೇನೆ, ಇದರಲ್ಲಿ ತಪ್ಪೇನು ಎಂದು ಒಳಗಿನ ಒಬ್ಬ ವಕೀಲ ವಾದಿಸುತ್ತಿದ್ದ. ಅಮ್ಮ ಗಟ್ಟಿಗಿತ್ತಿ, ಸಂಜೆಯವರೆಗೆ ಏನೂ ಆಗುವುದಿಲ್ಲ ಎನ್ನುತ್ತಿದ್ದ. ಆ ವಕೀಲನ ದನಿ ಎಷ್ಟು ಮೃದುವಾಗಿತ್ತೆಂದರೆ ಅಮಾನ್ಸಿಯೊಗೆ ಕಣ್ಣೆಳೆಯತೊಡಗಿತು. ಬಿಸಿಯಾದ ಗೋಡೆಗೆ ತಲೆಯಿಟ್ಟು ಅವನೂ ಮಲಗಿಯೇಬಿಟ್ಟ, ಊರಿನ ಹಾಗೆ.

ಎಚ್ಚರವಾದದ್ದು ಶಟರುಗಳ ಸದ್ದಿಗೆ. ಎಲ್ಲೋ ದೂರದಲ್ಲಿ ಒಂದು, ಆಮೇಲೆ ಹತ್ತಿರದಲ್ಲಿ ಒಂದು, ಹೀಗೆ ಊರು ಕಣ್ಣು ಬಿಡುತ್ತಿತ್ತು. ಯಾರೋ ಅಂಗಳಕ್ಕೆ ನೀರು ಹಾಕುತ್ತಿದ್ದರು. ಹಸಿರು ಗೇಟು ತೆರೆದಿತ್ತು, ರುಪೆರ್ತೊ ಅದಕ್ಕೆ ಒರಗಿ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಹಿಟ್ಟಿರಬೇಕು ಎಂದು ಒಂದು ಕ್ಷಣ ಅಮಾನ್ಸಿಯೊ ಅಂದುಕೊಂಡ.

"ಎದ್ಯಾ?" ಎಂದ ರುಪೆರ್ತೊ. "ಬಾಯಿ ಬಿಟ್ಕೊಂಡು ಮಲಗೋದು ಇನ್ನೂ ಬಿಟ್ಟಿಲ್ಲ ನೀನು."

"ಯಾವಾಗ ಎದ್ದೆ ಅಣ್ಣಾ?"

"ಮಲಗಿದ್ರೆ ತಾನೆ ಏಳೋದು. ನೀನು ಬಂದಾಗಿಂದ ಕಿಟಕಿ ಸಂದಿಯಿಂದ ನೋಡ್ತಾ ಇದೀನಿ. ಕೈ ಎತ್ತಿದ್ದು ನೋಡಿದೆ, ಇಳಿಸಿದ್ದೂ ನೋಡಿದೆ."

"ಮತ್ತೆ ಯಾಕೆ..."

"ನೀನು ತಟ್ಟಲಿ ಅಂತ." ರುಪೆರ್ತೊ ಬೇರೆಲ್ಲೋ ನೋಡುತ್ತಿದ್ದ. "ನಾನು ಮೂರು ಸಲ ತಟ್ಟಿದ್ದೆ. ನೀನು ಒಂದು ಸಲ ತಟ್ಟು ನೋಡೋಣ ಅಂತ ಕೂತೆ. ಹಟ ಅಂದ್ಕೊ. ಸರಿ, ಹೇಳು. ಯಾಕೆ ಬಂದೆ?"

"ಅಮ್ಮ," ಎಂದ ಅಮಾನ್ಸಿಯೊ.

ರುಪೆರ್ತೊನ ಮುಖ ಹಿಟ್ಟಿನ ಮುದ್ದೆಯ ಹಾಗೆ ಕುಸಿಯಿತು. "ಎರಡು ಗಂಟೆ ಹೊತ್ತಿಂದ ಇಲ್ಲಿ ಕೂತಿದೀಯಲ್ಲೋ," ಎಂದ. ಬೈಯುವ ದನಿಯಲ್ಲ, ಲೆಕ್ಕ ಅರ್ಥವಾಗದವನು ಮತ್ತೆ ಕೇಳುವ ದನಿ. "ಅಮ್ಮ ಅಂತ ಒಂದು ಕೂಗು ಹಾಕಿದ್ರೆ ಬಾಗಿಲು ಮುರ್ಕೊಂಡು ಬರ್ತಿದ್ದೆ. ನಾನೋ ಒಳಗೆ ಕೂತು..." ಒಳಗೆ ಹೋಗಿ ಟೋಪಿ ಹಾಕಿಕೊಂಡು, ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದು ತಮ್ಮನ ಕೈಗೆ ತುರುಕಿದ. "ಹತ್ತು ಹಿಂದೆ. ಗಟ್ಟಿಯಾಗಿ ಹಿಡ್ಕೊ."

ಬೈಕಿನ ಮೇಲೆ ಅಣ್ಣನ ಬೆನ್ನಿಗಂಟಿ ಕೂತು, ಒಂದು ಕೈಯಲ್ಲಿ ಆ ರೊಟ್ಟಿಯ ಗಂಟು ಹಿಡಿದುಕೊಂಡು, ನಡೆದು ಬಂದ ಬೀದಿಗಳಲ್ಲೇ ವಾಪಸಾದ. ಅವೇ ಬೀದಿಗಳೆಂದು ನಂಬುವುದು ಕಷ್ಟವಾಗಿತ್ತು. ಹೆಂಗಸರು ಕುರ್ಚಿ ಹೊರಗೆ ಹಾಕಿ ಕೂತಿದ್ದರು, ಹಣ್ಣಿನ ಗಾಡಿಯವನು ತಕರಾರು ಮಾಡುತ್ತಿದ್ದ, ಚೌಕದಲ್ಲಿ ಕಿತ್ತಳೆ ಮರಗಳ ಕೆಳಗೆ ಮುದುಕರು ತಮ್ಮ ತಮ್ಮ ಬೆಂಚುಗಳಿಗೆ ಬಂದು ಸೇರಿದ್ದರು, ಕೆಥೆಡ್ರಲ್ಲಿನ ಬಾಗಿಲು ತೆಗೆದಿತ್ತು. ಊರಿನ ತುಂಬ ತೆಗೆದ ಬಾಗಿಲುಗಳೇ. ಎದ್ದವರ ಮುಖಗಳಲ್ಲಿ ದಿಂಬಿನ ಗೆರೆಗಳು ಇನ್ನೂ ಮಾಸಿರಲಿಲ್ಲ. ಅಮಾನ್ಸಿಯೊಗೆ ಅಳಬೇಕೆನಿಸಿತು, ಆದರೆ ಆಯಾಸ ಅಳುವಿಗಿಂತ ದೊಡ್ಡದಾಗಿತ್ತು.

ವಾರ್ಡಿನ ಬಾಗಿಲಲ್ಲೇ ಹಸಿಂತಾ ಸಿಕ್ಕಳು. ಅವಳು ಕೈಯೊರೆಸಿಕೊಂಡ ರೀತಿಯಿಂದಲೇ ಇಬ್ಬರಿಗೂ ತಿಳಿಯಿತು. ಮಂಚದ ಸುತ್ತ ಪರದೆ ಎಳೆದಿದ್ದರು. ಅಮ್ಮ ಚಿಕ್ಕವಳಾಗಿ, ಒಂದು ಮಗ್ಗುಲಾಗಿ ಮಲಗಿದ್ದಳು. ಬಾಯಿ ತುಸು ತೆರೆದಿತ್ತು. ರುಪೆರ್ತೊ ಟೋಪಿ ತೆಗೆದು ಮಂಚದ ಕಾಲಿನ ಬಳಿ ನಿಂತ. ಅಮಾನ್ಸಿಯೊ ರೊಟ್ಟಿ ಎಲ್ಲಿಡುವುದೆಂದು ತಿಳಿಯದೆ ಎದೆಗವುಚಿಕೊಂಡೇ ಇದ್ದ, ಮೈ ತಾಗಿ ಅದು ಬೆಚ್ಚಗಾಗಿತ್ತು.

"ಹೋಗಿ ಇನ್ನೂ ಒಂದು ಗಂಟೆ ಆಗಿಲ್ಲ," ಎಂದಳು ಹಸಿಂತಾ. ಉಪ್ಪುನೆಲದ ಕಡೆಯ ಹಳ್ಳಿಯವಳು, ಅಮ್ಮನ ಹಾಗೆಯೇ ಕಿಚುವಾ ಭಾಷೆಯಲ್ಲಿ ಹುಟ್ಟಿ ಬೆಳೆದವಳು. "ಕಷ್ಟ ಪಡ್ಲಿಲ್ಲ. ಕೊನೆಕೊನೆಗೆ ನಮ್ಮ ಭಾಷೆಲೇ ಮಾತಾಡ್ತಿದ್ರು. ಯಾರೋ ಕೈ ತಟ್ತಿದಾರೆ, ಹೋಗಿ ಬಾಗಿಲು ತೆಗಿ ಅಂದ್ರು. ಯಾರೂ ಇಲ್ಲ ತಾಯಿ, ಇದು ಕೈ ತಟ್ಟೋ ಹೊತ್ತಲ್ಲ ಅಂದೆ. ಇಲ್ಲ, ಅವನೇ ನನ್ನ ದೊಡ್ಡ ಮಗ, ಬಿಸಿಲಲ್ಲಿ ನಿಂತಿದಾನೆ, ಇದು ನನ್ನ ಮನೆ ಅಲ್ಲ, ನಾನು ಹೇಗೆ ಏಳ್ಲಿ, ನೀನೇ ತೆಗಿ ಅಂದ್ರು. ತೆಗೆದಿದೀನಿ ತಾಯಿ ಅಂದೆ. ಆಮೇಲೆ ಸುಮ್ಮನಾದ್ರು." ಅವಳು ಇಬ್ಬರ ಮುಖ ನೋಡಿ, ಏನೋ ತಪ್ಪು ಮಾತಾಡಿದೆನೇನೋ ಎಂಬಂತೆ ಪರದೆ ಸರಿಸಿಕೊಂಡು ಹೊರಗೆ ಹೋದಳು.

ಪಕ್ಕದ ಮಂಚದಲ್ಲಿ ಯಾರಿಗೋ ಸಂಜೆಯ ಚಹಾ ಕೊಡುತ್ತಿದ್ದರು, ಚಮಚೆಯ ಸದ್ದಾಗುತ್ತಿತ್ತು.

"ಅಣ್ಣಾ," ಎಂದ ಅಮಾನ್ಸಿಯೊ. "ಆವತ್ತು ನನಗೂ ಕೇಳಿಸಿತ್ತು."

"ಗೊತ್ತು," ಎಂದ ರುಪೆರ್ತೊ. ಅಮ್ಮನ ಮುಖದಿಂದ ಕಣ್ಣು ತೆಗೆಯಲಿಲ್ಲ. "ನಿನ್ನ ಕೆಮ್ಮು ಗೇಟಿನ ತನಕ ಬಂದಿತ್ತು."

ಹೊಡೆಯುತ್ತಾನೆಂದು ಅಮಾನ್ಸಿಯೊ ಕಾದ. ಹೊಡೆಯಲಿ ಎಂದೇ ಕಾದ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ರುಪೆರ್ತೊ ಅವನ ಎದೆಯಿಂದ ರೊಟ್ಟಿಯ ಗಂಟನ್ನು ಬಿಡಿಸಿ ತೆಗೆದುಕೊಂಡು ಅಮ್ಮನ ದಿಂಬಿನ ಪಕ್ಕ ಇಟ್ಟ. ಆಮೇಲೆ, ಇಷ್ಟು ವರ್ಷ ಹಿಟ್ಟು ನಾದಿ ಹಲಗೆಯಾದ ಆ ಕೈಯನ್ನು ತಮ್ಮನ ಭುಜದ ಮೇಲೆ, ಯಾವ ಭಾರವನ್ನೂ ಬಿಡದೆ, ಮೆತ್ತಗೆ ಇಟ್ಟ. ಅಮ್ಮ ಹೇಳುತ್ತಿದ್ದುದು ನಿಜವಾಗಿತ್ತು. ಉಣ್ಣೆಯದೇ ಜಾಸ್ತಿ ನೋಯುವುದು.